ಮೂತ್ರ, ಮೂತ್ರಪಿಂಡ ಮತ್ತು ಪುರುಷರ ಜನನಾಂಗದ ತೊಂದರೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಥ ತೊಂದರೆಗಳಿಗೆ ಯಾವ ವೈದ್ಯರನ್ನು ಕಾಣಬೇಕು?

ಮೂತ್ರಪಿಂಡದ ಸೋಸುವ ಕೆಲಸ ಕುಂದಿದಾಗ, ಎಂದರೆ ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ತ್ಯಾಜ್ಯ ಏರಿದಾಗ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿರುವಾಗ, ಮುಖ ಮತ್ತು ಕಾಲು ಬಾತುಕೊಂಡಾಗ ನೋಡುವವರು ನೆಫ್ರಾಲಜಿಸ್ಟ್. ಕಲ್ಲು, ಪ್ರಾಸ್ಟೇಟ್ (ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಗ್ರಂಥಿ), ಮೂತ್ರದ ಹರಿವಿಗೆ ಅಡ್ಡಿ, ಮೂತ್ರಕೋಶದ ಗಡ್ಡೆ, ವೃಷಣ ಮತ್ತು ಶಿಶ್ನದ ಕಾಯಿಲೆಗಳನ್ನು ಯೂರಾಲಜಿಸ್ಟ್ ನೋಡುತ್ತಾರೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿರುವ ನೆಫ್ರೋ ಯುರಾಲಜಿ ಸಂಸ್ಥೆಯಲ್ಲಿ ಎರಡೂ ವಿಭಾಗಗಳಿವೆ. ಆದರೆ ಮೊದಲ ಹಂತದ ಮೂತ್ರಪರೀಕ್ಷೆ, ರಕ್ತಪರೀಕ್ಷೆ ಮತ್ತು ಹೊಟ್ಟೆಯ ಸ್ಕ್ಯಾನ್‌ಗೆ ಊರಿನ ವೈದ್ಯರೇ ಸಾಕು. ತಜ್ಞರ ಹೆಸರು ಹುಡುಕುವುದರಲ್ಲಿ ವಾರಗಳನ್ನು ಕಳೆಯುವುದಕ್ಕಿಂತ ಅವರ ಬಳಿ ಶುರುಮಾಡುವುದೇ ಮೇಲು.

ಯಾವ ಲಕ್ಷಣಕ್ಕೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ಯಾವುದು ಕಾಯಬಹುದು?

ಈ ಪುಟದ ಬಹುಪಾಲು ಪ್ರಶ್ನೆಗಳ ಹಿಂದಿರುವ ಪ್ರಶ್ನೆ ಇದೇ. ಸ್ಕ್ಯಾನ್ ವರದಿಯಲ್ಲಿ ಕಂಡ ಸಣ್ಣ ಕಲ್ಲಿಗೂ, ಮೂತ್ರಪಿಂಡದ ಮೇಲಿನ ಸಾದಾ ನೀರುಗುಳ್ಳೆಗೂ, 'ಪ್ರಾಸ್ಟೇಟ್ ದೊಡ್ಡದಾಗಿದೆ' ಎಂಬ ಒಂದು ಸಾಲಿಗೂ ಜನ ನಿದ್ದೆಗೆಡುತ್ತಾರೆ. ನಿಜವಾಗಿ ಗಂಟೆಗಳ ಲೆಕ್ಕದಲ್ಲಿ ಅಂಗ ಕಳೆದುಹೋಗುವ ಸ್ಥಿತಿಗಳಿಗೆ ನಾಚಿಕೆಯಿಂದಲೋ ತಾತ್ಸಾರದಿಂದಲೋ ಬೆಳಗಾಗುವವರೆಗೆ ಕಾಯುತ್ತಾರೆ.

ತಡ ಮಾಡಬಾರದ ಸ್ಥಿತಿಗಳು ಇವು: ವೃಷಣದಲ್ಲಿ ಏಕಾಏಕಿ ಶುರುವಾದ ನೋವು, ಮೂತ್ರಕೋಶ ತುಂಬಿದ್ದರೂ ಒಂದು ಹನಿಯೂ ಹೊರಬಾರದಿರುವುದು, ಪಕ್ಕೆನೋವಿನ ಜೊತೆಗೆ ನಡುಕದ ಜ್ವರ, ಹಿಂದಕ್ಕೆ ಸರಿಸಿದ ಮುಂದೊಗಲು ಮುಂದೆ ಬಾರದೆ ಶಿಶ್ನದ ತುದಿ ಊದಿಕೊಳ್ಳುವುದು, 4 ಗಂಟೆ ಕಳೆದರೂ ಇಳಿಯದ ನಿಮಿರುವಿಕೆ, ಹೆಪ್ಪುಗಟ್ಟಿದ ರಕ್ತ ಮೂತ್ರದಲ್ಲಿ ಹೋಗುವುದು. ವಾಂತಿಭೇದಿಯ ನಂತರ ಅಥವಾ ಹಾವು ಕಚ್ಚಿದ ನಂತರ ಮೂತ್ರದ ಪ್ರಮಾಣ ಇಳಿದುಹೋಗುವುದನ್ನೂ ಇವುಗಳ ಜೊತೆ ಸೇರಿಸಬೇಕು.

ಸ್ಕ್ಯಾನ್‌ನಲ್ಲಿ 4 ಮಿಲಿಮೀಟರ್ ಕಲ್ಲು ಎಂದು ಬಂದಿದೆ. ಆಪರೇಷನ್ ಬೇಕೇ?

ಬಹುತೇಕ ಬೇಡ. ಕಲ್ಲಿನ ಗಾತ್ರದಷ್ಟೇ ಅದು ಎಲ್ಲಿದೆ ಎಂಬುದೂ ಮುಖ್ಯ. ಮೂತ್ರಪಿಂಡದ ಒಳಗೆ ಸುಮ್ಮನೆ ಕುಳಿತ ಸಣ್ಣ ಕಲ್ಲು ನೋವು ಕೊಡದೆ ವರ್ಷಗಟ್ಟಲೆ ಇರಬಹುದು. ಅದನ್ನು ಆಗಾಗ ಸ್ಕ್ಯಾನ್ ಮಾಡಿ ಗಮನಿಸುತ್ತಿದ್ದರೆ ಸಾಕು. ಅದೇ ಕಲ್ಲು ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ ಮೂತ್ರನಾಳಕ್ಕೆ ಜಾರಿದಾಗ ಬೆನ್ನಿನ ಪಕ್ಕೆಯಿಂದ ತೊಡೆಸಂದಿಯವರೆಗೆ ಅಲೆಅಲೆಯಾಗಿ ಹಬ್ಬುವ ನೋವು ಬರುತ್ತದೆ. ಹೊಟ್ಟೆಯೊಳಗೆ ಸೋಂಕು ಇದ್ದವರು ನೋವಿಗೆ ಅಲುಗಾಡದೆ ಮಲಗಿದರೆ, ಕಲ್ಲಿನ ನೋವಿನವರು ಮಲಗಲಾರದೆ, ಕೂರಲಾರದೆ ಹೊರಳಾಡುತ್ತಾರೆ. ಅನುಭವಿ ವೈದ್ಯರು ಈ ವ್ಯತ್ಯಾಸದಿಂದಲೇ ಅರ್ಧ ರೋಗವನ್ನು ಗುರುತಿಸುತ್ತಾರೆ.

5 ಮಿಲಿಮೀಟರ್‌ಗಿಂತ ಸಣ್ಣ ಕಲ್ಲುಗಳಲ್ಲಿ ಹೆಚ್ಚಿನವು ತಾವಾಗಿಯೇ ಹೊರಹೋಗುತ್ತವೆ, 10 ಮಿಲಿಮೀಟರ್ ದಾಟಿದವು ಹೋಗುವುದು ಅಪರೂಪ. ನಡುವಿನ ಗಾತ್ರದ ಕಲ್ಲು ಮೂತ್ರನಾಳದ ಕೆಳಭಾಗದಲ್ಲಿದ್ದರೆ ನಾಳವನ್ನು ಸಡಿಲಿಸುವ ಟ್ಯಾಮ್ಸುಲೋಸಿನ್ ಮಾತ್ರೆಯನ್ನು ಕೆಲವು ವಾರ ಕೊಟ್ಟು ನೋಡುವುದುಂಟು. ಹೊರಗೆ ಬಾರದ ಕಲ್ಲಿಗೆ ಮೂರು ದಾರಿಗಳಿವೆ: ಹೊರಗಿನಿಂದ ಆಘಾತ ತರಂಗ ಹಾಯಿಸಿ ಪುಡಿಮಾಡುವುದು, ಮೂತ್ರದ್ವಾರದ ಮೂಲಕ ತೆಳುವಾದ ದುರ್ಬೀನು ಕಳಿಸಿ ಲೇಸರ್‌ನಿಂದ ಒಡೆಯುವುದು, ಮತ್ತು 2 ಸೆಂಟಿಮೀಟರ್‌ಗಿಂತ ದೊಡ್ಡ ಕಲ್ಲಿಗೆ ಬೆನ್ನಿನಲ್ಲಿ ಸಣ್ಣ ರಂಧ್ರ ಮಾಡಿ ನೇರವಾಗಿ ತೆಗೆಯುವುದು. ಹೊಟ್ಟೆ ಕೊಯ್ದು ಕಲ್ಲು ತೆಗೆಯುವ ಪದ್ಧತಿ ಈಗ ಬಲು ಅಪರೂಪ.

ಪತ್ತೆಗೆ ಅಲ್ಟ್ರಾಸೌಂಡ್ ಸಾಮಾನ್ಯ ಆರಂಭವಾದರೂ ಮೂತ್ರನಾಳದ ನಡುವಿನ ಕಲ್ಲು ಅದಕ್ಕೆ ತಪ್ಪಿಸಿಕೊಳ್ಳಬಹುದು. ಔಷಧಿ ಚುಚ್ಚದೆ ಮಾಡುವ ಸಿ.ಟಿ. ಸ್ಕ್ಯಾನ್ ಅತ್ಯಂತ ಖಚಿತ. ಯೂರಿಕ್ ಆಮ್ಲದ ಕಲ್ಲುಗಳು ಸಾದಾ ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ, ಆದರೆ ಮೂತ್ರದ ಆಮ್ಲೀಯತೆಯನ್ನು ತಗ್ಗಿಸುವ ಪೊಟ್ಯಾಸಿಯಂ ಸಿಟ್ರೇಟ್ ಔಷಧಿಗೆ ಕರಗುವ ಕಲ್ಲುಗಳೂ ಇವೇ. ಹಾಗಾಗಿ ಹೊರಬಂದ ಕಲ್ಲನ್ನು ಎಸೆಯಬಾರದು. ಮೂತ್ರವನ್ನು ಟೀ ಸೋಸುವ ಜರಡಿಯಲ್ಲಿ ಹಿಡಿದು, ಸಿಕ್ಕ ಚೂರನ್ನು ಒಣ ಡಬ್ಬಿಯಲ್ಲಿ ಹಾಕಿ ಪರೀಕ್ಷೆಗೆ ಕೊಟ್ಟರೆ ಮುಂದಿನ ಕಲ್ಲನ್ನು ತಡೆಯುವ ಸುಳಿವು ಅದರಲ್ಲೇ ಸಿಗುತ್ತದೆ.

ನೋವು ನಿಂತಿದೆ. ಕಲ್ಲು ಹೋಯಿತು ಎಂದುಕೊಳ್ಳಬಹುದೇ?

ಹಾಗೆ ಅಂದುಕೊಳ್ಳುವಂತಿಲ್ಲ. ಕಲ್ಲು ಮೂತ್ರನಾಳದಲ್ಲೇ ಸಿಕ್ಕಿಕೊಂಡಿದ್ದರೂ ಕೆಲವು ದಿನಗಳಲ್ಲಿ ನೋವು ತಗ್ಗಬಹುದು, ಮೇಲಿನ ಮೂತ್ರಪಿಂಡ ಮಾತ್ರ ಸದ್ದಿಲ್ಲದೆ ಊದಿಕೊಂಡು ಹಾಳಾಗುತ್ತಿರುತ್ತದೆ. ಕಲ್ಲು ಹೊರಬಿದ್ದುದನ್ನು ಕಣ್ಣಾರೆ ಕಾಣದವರು ಇನ್ನೊಮ್ಮೆ ಸ್ಕ್ಯಾನ್ ಮಾಡಿಸಿಕೊಳ್ಳಲೇಬೇಕು.

ಬಾಳೆದಿಂಡಿನ ರಸ, ಹುರುಳಿ ಕಟ್ಟು, ಬಿಯರ್ — ಇವುಗಳಿಂದ ಕಲ್ಲು ಕರಗುತ್ತದೆಯೇ?

ಸಾಮಾನ್ಯವಾಗಿ ಕಂಡುಬರುವ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲನ್ನು ಕರಗಿಸುವ ಪಾನೀಯ ಯಾವುದೂ ಇಲ್ಲ. ಬಾಳೆದಿಂಡಿನ ರಸ ಕುಡಿದು ಕಲ್ಲು ಹೋಯಿತು ಎನ್ನುವವರಲ್ಲಿ ಹೆಚ್ಚಿನವರದ್ದು ಹೇಗೂ ಹೋಗಲಿದ್ದ ಸಣ್ಣ ಕಲ್ಲು. ಮೂತ್ರಪಿಂಡ ಸರಿಯಾಗಿರುವವರು ಅದನ್ನಾಗಲಿ ಹುರುಳಿ ಕಟ್ಟನ್ನಾಗಲಿ ಊಟದ ಭಾಗವಾಗಿ ಸೇವಿಸಿದರೆ ಹಾನಿಯಿಲ್ಲ. ಬಿಯರ್ ಮೂತ್ರದ ಪ್ರಮಾಣವನ್ನು ತಾತ್ಕಾಲಿಕವಾಗಿ ಹೆಚ್ಚಿಸುವುದರ ಜೊತೆಗೆ ಯೂರಿಕ್ ಆಮ್ಲವನ್ನೂ ಹೆಚ್ಚಿಸುತ್ತದೆ, ಆದ್ದರಿಂದ ಅದು ಔಷಧಿಯಲ್ಲ.

ನಿಜವಾಗಿ ಕೆಲಸ ಮಾಡುವುದು ನೀರು, ಅದೂ ದಿನಕ್ಕೆ ಸುಮಾರು 2.5 ಲೀಟರ್ ಮೂತ್ರ ಹೋಗುವಷ್ಟು. ರಾಯಚೂರು, ಕಲಬುರಗಿಯ ಬಿಸಿಲಿನಲ್ಲಿ ಹೊಲದಲ್ಲೋ ಕಟ್ಟಡದ ಕೆಲಸದಲ್ಲೋ ಬೆವರುವವರಿಗೆ 'ದಿನಕ್ಕೆ ಎಂಟು ಲೋಟ' ಎಂಬ ಸಲಹೆ ಯಾವ ಲೆಕ್ಕಕ್ಕೂ ಸಾಲದು. ಮೂತ್ರ ತಿಳಿಯಾಗಿ ಹೋಗುತ್ತಿದೆಯೇ ಎಂದು ನೋಡುವುದೇ ಅವರಿಗೆ ಅಳತೆ. ಉಪ್ಪು ಮತ್ತು ಮಾಂಸವನ್ನು ಮಿತಿಗೊಳಿಸಬೇಕು, ನಿಂಬೆಹಣ್ಣಿನ ಪಾನಕ ಒಳ್ಳೆಯದು. ಹಾಲು, ಮೊಸರು ಬಿಡಬಾರದು. ಊಟದಲ್ಲಿನ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟ್ ಅನ್ನು ಹಿಡಿದು ಹೊರಹಾಕುವುದರಿಂದ, ಅವನ್ನು ಬಿಟ್ಟವರಿಗೇ ಕಲ್ಲಿನ ಅಪಾಯ ಹೆಚ್ಚು. ಟೊಮೆಟೊ ಬೀಜಕ್ಕೆ ಅಂಟಿದ ಅಪವಾದಕ್ಕೆ ಆಧಾರವಿಲ್ಲ. ಆಕ್ಸಲೇಟ್ ಹೇರಳವಾಗಿರುವ ಪಾಲಕ್ ಸೊಪ್ಪಿನ ವಿಷಯದಲ್ಲಿ ಮಿತಿ ಇರಲಿ.

ಕರಾವಳಿಯ ಓದುಗರಿಗೆ ಒಂದು ಮಾತು ಹೆಚ್ಚಾಗಿ ಹೇಳಬೇಕು. ಸಕ್ಕರೆ ಕಾಯಿಲೆಗೂ ಕೊಲೆಸ್ಟ್ರಾಲ್‌ಗೂ ಒಳ್ಳೆಯದೆಂದು ಬಿಂಬುಳಿ ಅಥವಾ ದಾರೆಹುಳಿಯ ಹಸಿರಸವನ್ನು ಲೋಟಗಟ್ಟಲೆ ಕುಡಿದು ಮೂತ್ರಪಿಂಡ ಕೈಕೊಟ್ಟ ಪ್ರಕರಣಗಳು ವೈದ್ಯಕೀಯ ನಿಯತಕಾಲಿಕೆಗಳಲ್ಲಿ ವರದಿಯಾಗಿವೆ. ಸಾರಿಗೆ ಹಾಕುವ ನಾಲ್ಕು ಕಾಯಿಗೂ ಇದಕ್ಕೂ ಸಂಬಂಧವಿಲ್ಲ.

ಕಲ್ಲು ತೆಗೆದ ಮೇಲೆ ಒಳಗೆ ಸ್ಟೆಂಟ್ ಇಟ್ಟಿದ್ದಾರೆ. ಯಾವಾಗ ತೆಗೆಸಬೇಕು?

ಡಿಸ್ಚಾರ್ಜ್ ಚೀಟಿಯಲ್ಲಿ ಬರೆದ ದಿನಕ್ಕೆ, ತಪ್ಪದೆ. ಮೂತ್ರನಾಳ ಮುಚ್ಚಿಕೊಳ್ಳದಂತೆ ಇಡುವ ಈ ಮೃದು ಕೊಳವೆ ಸಾಮಾನ್ಯವಾಗಿ ಕೆಲವು ವಾರಗಳ ಮಟ್ಟಿಗಿನದು. ಅದು ಒಳಗಿರುವಷ್ಟು ದಿನ ಪದೇ ಪದೇ ಮೂತ್ರದ ಒತ್ತಡ, ಸ್ವಲ್ಪ ರಕ್ತ, ಮೂತ್ರ ಮಾಡುವಾಗ ಪಕ್ಕೆಯಲ್ಲಿ ಸೆಳೆತ ಇರುವುದು ಸಹಜ. ಕಷ್ಟವೆಲ್ಲ ಇಳಿದ ಮೇಲೆ ಮರೆತುಬಿಡುವವರೇ ಹೆಚ್ಚು, ಮರೆತ ಸ್ಟೆಂಟ್ ಮೇಲೆಯೇ ಹೊಸ ಕಲ್ಲು ಕಟ್ಟಿಕೊಂಡು ಮೊದಲಿಗಿಂತ ದೊಡ್ಡ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

ಉರಿಮೂತ್ರಕ್ಕೆ ಮೂತ್ರದ ಮಾದರಿಯನ್ನು ಹೇಗೆ ಕೊಡಬೇಕು?

ತಪ್ಪಾಗಿ ಕೊಟ್ಟ ಮಾದರಿಯಿಂದ ಬಂದ ವರದಿ ವರದಿಯೇ ಇಲ್ಲದಿರುವುದಕ್ಕಿಂತ ಕೆಟ್ಟದ್ದು, ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇವೆ. ಪ್ರಯೋಗಾಲಯದವರು ಕೊಡುವ ಸ್ಟೆರೈಲ್ ಡಬ್ಬಿಯನ್ನೇ ಬಳಸಿ, ಮನೆಯ ಔಷಧಿ ಬಾಟಲಿ ತೊಳೆದು ತರಬೇಡಿ. ಕೈ ತೊಳೆದು, ಮೂತ್ರದ್ವಾರದ ಸುತ್ತ ಬರೀ ನೀರಿನಿಂದ ಸ್ವಚ್ಛಮಾಡಿ; ಗಂಡಸರು ಮುಂದೊಗಲನ್ನು ಹಿಂದೆ ಸರಿಸಿಕೊಳ್ಳಬೇಕು. ಮೊದಲ ಧಾರೆಯನ್ನು ಬಚ್ಚಲಿಗೆ ಬಿಟ್ಟು, ನಡುವಿನ ಧಾರೆಯನ್ನು ಡಬ್ಬಿಯ ಅಂಚು ಮುಟ್ಟದಂತೆ ಹಿಡಿದು, ಕೂಡಲೇ ಮುಚ್ಚಳ ಹಾಕಿ. ಒಂದೆರಡು ಗಂಟೆಯೊಳಗೆ ಪ್ರಯೋಗಾಲಯಕ್ಕೆ ತಲುಪಿಸಲಾಗದಿದ್ದರೆ ಫ್ರಿಜ್‌ನಲ್ಲಿ ಇಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮಾದರಿಯನ್ನು ಆ್ಯಂಟಿಬಯೋಟಿಕ್‌ನ ಮೊದಲ ಮಾತ್ರೆ ನುಂಗುವುದಕ್ಕೆ ಮುಂಚೆ ಕೊಡಬೇಕು. ಮೂತ್ರದಲ್ಲಿನ ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯ ವರದಿಗೆ ಸಾಮಾನ್ಯವಾಗಿ 2 ದಿನ ಹಿಡಿಯುತ್ತದೆ. ಅದರಲ್ಲಿ ಯಾವ ರೋಗಾಣು, ಯಾವ ಔಷಧಿಗೆ ಅದು ಬಗ್ಗುತ್ತದೆ ಎಂಬುದೆರಡೂ ಇರುತ್ತವೆ.

ಹೆಚ್ಚಿನ ಸೋಂಕಿಗೆ ಕಾರಣ ಕರುಳಿನಲ್ಲಿ ವಾಸಿಸುವ ಇ. ಕೋಲೈ ಬ್ಯಾಕ್ಟೀರಿಯಾ. ಜ್ವರವಿಲ್ಲದ ಸಾದಾ ಮೂತ್ರಕೋಶದ ಸೋಂಕಿಗೆ ಮಹಿಳೆಯರಲ್ಲಿ ನೈಟ್ರೋಫ್ಯುರಾಂಟೊಯಿನ್‌ನ 5 ದಿನದ ಕೋರ್ಸ್ ಅಥವಾ ಫಾಸ್ಫೋಮೈಸಿನ್‌ನ ಒಂದೇ ಡೋಸ್ ಸಾಕಾಗುತ್ತದೆ. ಮೆಡಿಕಲ್ ಶಾಪ್‌ನವರು ಕೊಟ್ಟ ಬೇರೆ ಪ್ರಬಲ ಮಾತ್ರೆಯನ್ನು ಎರಡು ದಿನ ನುಂಗಿ ಬಿಡುವ ಅಭ್ಯಾಸದಿಂದಲೇ ಮುಂದೆ ಯಾವ ಮಾತ್ರೆಗೂ ಬಗ್ಗದ ಸೋಂಕುಗಳು ಹುಟ್ಟುತ್ತಿವೆ. ಗಂಡಸರಲ್ಲಿ ಮೂತ್ರದ ಸೋಂಕು ಬಂದರೆ ಅದಕ್ಕೊಂದು ಮೂಲ ಕಾರಣ, ಉದಾಹರಣೆಗೆ ಪ್ರಾಸ್ಟೇಟ್ ಅಡ್ಡಿಯೋ ಕಲ್ಲೋ, ಇದೆಯೇ ಎಂದು ಹುಡುಕಬೇಕು.

ತೊಂದರೆ ಏನೂ ಇಲ್ಲ, ಆದರೆ ವರದಿಯಲ್ಲಿ ಬ್ಯಾಕ್ಟೀರಿಯಾ ಇದೆ ಎಂದಿದೆ.

ಗರ್ಭಿಣಿಯರಿಗೂ, ಮೂತ್ರಮಾರ್ಗದ ಶಸ್ತ್ರಚಿಕಿತ್ಸೆಗೆ ಸಿದ್ಧರಾಗುತ್ತಿರುವವರಿಗೂ ಮಾತ್ರ ಇಂಥ ವರದಿಗೆ ಚಿಕಿತ್ಸೆ ಬೇಕು. ಲಕ್ಷಣವಿಲ್ಲದ ವೃದ್ಧರಿಗೆ, ಸಕ್ಕರೆ ಕಾಯಿಲೆಯವರಿಗೆ, ಕ್ಯಾತಿಟರ್ (ಮೂತ್ರ ಹೊರಹರಿಸಲು ಮೂತ್ರಕೋಶದೊಳಗೆ ಇಡುವ ಕೊಳವೆ) ಇರುವವರಿಗೆ ವರದಿಯನ್ನೇ ನೋಡಿ ಆ್ಯಂಟಿಬಯೋಟಿಕ್ ಕೊಡುವುದರಿಂದ ಲಾಭವಿಲ್ಲ.

ಸೋಂಕು ಮತ್ತೆ ಮತ್ತೆ ಬರುತ್ತಿದೆ. ಏನು ಮಾಡಬೇಕು?

6 ತಿಂಗಳಲ್ಲಿ 2 ಸಲ ಅಥವಾ ವರ್ಷದಲ್ಲಿ 3 ಸಲ ಬಂದರೆ ಅದನ್ನು ಮರುಕಳಿಸುವ ಸೋಂಕು ಎನ್ನುತ್ತಾರೆ. ಶೌಚಾಲಯ ಸರಿಯಿಲ್ಲವೆಂದು ಶಾಲೆ, ಕಚೇರಿ, ಬಸ್ ಪ್ರಯಾಣದಲ್ಲಿ ನೀರು ಕುಡಿಯದೆ ಮೂತ್ರ ಕಟ್ಟಿಕೊಂಡಿರುವ ಹೆಣ್ಣುಮಕ್ಕಳ ಕಷ್ಟ ಮಾತ್ರೆಯಿಂದ ತೀರುವಂಥದ್ದಲ್ಲ. ಮುಟ್ಟು ನಿಂತ ಮಹಿಳೆಯರಿಗೆ ಯೋನಿಯಲ್ಲಿ ಹಚ್ಚುವ ಈಸ್ಟ್ರೊಜೆನ್ ಮುಲಾಮು ಚೆನ್ನಾಗಿ ಕೆಲಸ ಮಾಡುತ್ತದೆ, ಆದರೂ ಅದನ್ನು ಬರೆದುಕೊಡುವವರು ಕಡಿಮೆ. ಮೂತ್ರದಲ್ಲಿ ಕೀವಿನ ಕಣಗಳು ತುಂಬ ಇದ್ದು, ಕಲ್ಚರ್‌ನಲ್ಲಿ ಪದೇ ಪದೇ ಏನೂ ಬೆಳೆಯದಿದ್ದರೆ ನಮ್ಮ ದೇಶದಲ್ಲಿ ಮೂತ್ರಮಾರ್ಗದ ಕ್ಷಯವನ್ನು ಮರೆಯಬಾರದು.

ಮೂತ್ರದಲ್ಲಿ ಒಂದೇ ಸಲ ರಕ್ತ ಬಂದು ನಿಂತಿತು. ನೋವೂ ಇರಲಿಲ್ಲ.

ನೋವಿಲ್ಲದ್ದೇ ಹೆಚ್ಚು ಚಿಂತೆಯ ವಿಷಯ. ಮಧ್ಯವಯಸ್ಸು ದಾಟಿದವರಲ್ಲಿ, ಅದರಲ್ಲೂ ಬೀಡಿ-ಸಿಗರೇಟು ಸೇದುವವರಲ್ಲಿ, ನೋವಿಲ್ಲದೆ ಬಂದುಹೋಗುವ ರಕ್ತ ಮೂತ್ರಕೋಶದ ಕ್ಯಾನ್ಸರ್‌ನ ಮೊದಲ ಸೂಚನೆಯಾಗಿರಬಹುದು. ತಾನಾಗಿ ನಿಂತಿತೆಂಬ ಸಮಾಧಾನದಲ್ಲಿ ತಿಂಗಳುಗಳು ಉರುಳುತ್ತವೆ. ಸ್ಕ್ಯಾನ್ ಜೊತೆಗೆ ದುರ್ಬೀನಿನಿಂದ ಮೂತ್ರಕೋಶದ ಒಳಗೋಡೆಯನ್ನು ನೋಡುವ ಸಿಸ್ಟೋಸ್ಕೋಪಿ ಬೇಕಾಗುತ್ತದೆ. ಗಡ್ಡೆ ಒಳಪದರದಲ್ಲೇ ಇದ್ದರೆ ಅದನ್ನು ಕೆರೆದು ತೆಗೆದು, ಮರುಕಳಿಸುವ ಸಾಧ್ಯತೆ ಹೆಚ್ಚಿದ್ದವರಿಗೆ ಮೂತ್ರಕೋಶದೊಳಗೆ ಬಿ.ಸಿ.ಜಿ. ದ್ರಾವಣ ತುಂಬಿಸುತ್ತಾರೆ. ಹುಟ್ಟಿದ ಮಗುವಿಗೆ ಕ್ಷಯದ ಲಸಿಕೆಯಾಗಿ ಹಾಕುವ ಅದೇ ಬಿ.ಸಿ.ಜಿ.! ಬೀಟ್‌ರೂಟ್ ತಿಂದಾಗ, ಕ್ಷಯದ ರಿಫಾಂಪಿಸಿನ್ ಮಾತ್ರೆ ನುಂಗುವಾಗ ಮೂತ್ರ ಕೆಂಪಾಗುವುದು ಬೇರೆ. ಸಂಶಯವಿದ್ದರೆ ಸಾದಾ ಮೂತ್ರಪರೀಕ್ಷೆಯೇ ಅದನ್ನು ಬಗೆಹರಿಸುತ್ತದೆ.

ರಾತ್ರಿ ನಾಲ್ಕೈದು ಸಲ ಏಳಬೇಕು, ಧಾರೆ ಸಣ್ಣಗಾಗಿದೆ. ಪ್ರಾಸ್ಟೇಟ್ ಇರಬಹುದೇ?

ಇರಬಹುದು, ಆದರೆ ರಾತ್ರಿ ಏಳುವುದಕ್ಕೆ ಸಕ್ಕರೆ ಕಾಯಿಲೆ, ಸಂಜೆ ನುಂಗುವ ಮೂತ್ರವರ್ಧಕ ಮಾತ್ರೆ, ಕಾಲು ಬಾವು, ನಿದ್ರಾಹೀನತೆ ಕೂಡ ಕಾರಣವಾಗುತ್ತವೆ. ಮೂರು ದಿನ ಒಂದು ಹಾಳೆಯಲ್ಲಿ ಎಷ್ಟು ಹೊತ್ತಿಗೆ ಎಷ್ಟು ಕುಡಿದಿರಿ, ಎಷ್ಟು ಹೊತ್ತಿಗೆ ಎಷ್ಟು ಮಿಲಿಲೀಟರ್ ಮೂತ್ರ ಹೋಯಿತು ಎಂದು ಬರೆದುಕೊಂಡು ಹೋದರೆ ವೈದ್ಯರಿಗೆ ಅದು ಸ್ಕ್ಯಾನ್‌ಗಿಂತ ಹೆಚ್ಚು ಹೇಳುತ್ತದೆ. 7 ಪ್ರಶ್ನೆಗಳ ಒಂದು ಅಂಕಪಟ್ಟಿಯೂ ಇದೆ: 35ರಲ್ಲಿ 7ರವರೆಗೆ ಸೌಮ್ಯ, 8ರಿಂದ 19 ಮಧ್ಯಮ, 20ರಿಂದ ಮೇಲೆ ತೀವ್ರ.

ಗ್ರಂಥಿಯ ಗಾತ್ರಕ್ಕೂ ತೊಂದರೆಗೂ ನೇರ ಸಂಬಂಧವಿಲ್ಲ. ದೊಡ್ಡ ಪ್ರಾಸ್ಟೇಟ್ ಇದ್ದೂ ಸುಖವಾಗಿರುವವರಿದ್ದಾರೆ, ಸಣ್ಣದರಿಂದ ನರಳುವವರೂ ಇದ್ದಾರೆ. ಚಿಕಿತ್ಸೆ ತೊಂದರೆಗೇ ಹೊರತು ಗ್ರಾಮಿನ ಲೆಕ್ಕಕ್ಕಲ್ಲ. ಟ್ಯಾಮ್ಸುಲೋಸಿನ್ ಕೆಲವೇ ದಿನಗಳಲ್ಲಿ ಧಾರೆಯನ್ನು ಸುಧಾರಿಸುತ್ತದೆ. ಎದ್ದು ನಿಂತಾಗ ತಲೆಸುತ್ತು, ವೀರ್ಯ ಹೊರಬಾರದಿರುವುದು ಅದರ ಅಡ್ಡಪರಿಣಾಮಗಳು. ಕಣ್ಣಿನ ಪೊರೆಯ ಆಪರೇಷನ್ ಇದ್ದರೆ ಈ ಮಾತ್ರೆಯ ವಿಷಯವನ್ನು ಕಣ್ಣಿನ ವೈದ್ಯರಿಗೆ ಮೊದಲೇ ತಿಳಿಸಬೇಕು, ಏಕೆಂದರೆ ಅದು ಕಣ್ಣಿನ ಪಾಪೆಯನ್ನು ಸಡಿಲಗೊಳಿಸಿ ಶಸ್ತ್ರಚಿಕಿತ್ಸೆಯನ್ನು ಕಷ್ಟವಾಗಿಸುತ್ತದೆ. ಗ್ರಂಥಿಯನ್ನು ಕುಗ್ಗಿಸುವ ಫಿನಾಸ್ಟೆರೈಡ್, ಡ್ಯುಟಾಸ್ಟೆರೈಡ್‌ಗಳ ಫಲ ಕಾಣಲು 6 ತಿಂಗಳು ಬೇಕು. ಔಷಧಿಗೆ ಬಗ್ಗದಿದ್ದರೆ, ಪದೇ ಪದೇ ಮೂತ್ರ ಕಟ್ಟಿದರೆ, ಮೂತ್ರಪಿಂಡಕ್ಕೆ ಹಾನಿಯಾಗುತ್ತಿದ್ದರೆ ಮೂತ್ರದ್ವಾರದ ಮೂಲಕವೇ ವಿದ್ಯುತ್ ತಂತಿಯಿಂದ ಅಥವಾ ಲೇಸರ್‌ನಿಂದ ಅಡ್ಡಿಯಾದ ಭಾಗವನ್ನು ತೆಗೆಯುತ್ತಾರೆ.

ಅಪ್ಪನಿಗೆ ಶೀತದ ಮಾತ್ರೆ ನುಂಗಿದ ಮೇಲೆ ಮೂತ್ರ ಪೂರ್ತಿ ಕಟ್ಟಿಹೋಯಿತು. ಸಂಬಂಧ ಇದೆಯೇ?

ಇದೆ. ಶೀತದ ಹಲವು ಮಾತ್ರೆಗಳಲ್ಲಿರುವ ಕ್ಲೋರ್‌ಫೆನಿರಮಿನ್, ಫಿನೈಲ್‌ಎಫ್ರಿನ್‌ನಂಥ ಔಷಧಿಗಳು ಮೊದಲೇ ಅಡ್ಡಿಯಿರುವ ಪ್ರಾಸ್ಟೇಟ್‌ನವರಲ್ಲಿ ಮೂತ್ರವನ್ನು ಪೂರ್ತಿ ನಿಲ್ಲಿಸಬಲ್ಲವು. ಕ್ಯಾತಿಟರ್ ಹಾಕಿ ಖಾಲಿ ಮಾಡುವುದೇ ತಕ್ಷಣದ ಚಿಕಿತ್ಸೆ. ಮನೆಯಲ್ಲಿ ಇನ್ನಷ್ಟು ನೀರು ಕುಡಿಸುವುದು ಹಿಂಸೆಯನ್ನು ಹೆಚ್ಚಿಸುತ್ತದೆ.

ಪಿ.ಎಸ್.ಎ. ಹೆಚ್ಚಿದ್ದರೆ ಪ್ರಾಸ್ಟೇಟ್ ಕ್ಯಾನ್ಸರ್ ಎಂದೇ ಅರ್ಥವೇ?

ಅಲ್ಲ. ಪಿ.ಎಸ್.ಎ. ಎಂದರೆ ಪ್ರಾಸ್ಟೇಟ್ ತಯಾರಿಸುವ ಒಂದು ಪ್ರೋಟೀನ್, ಅದನ್ನು ರಕ್ತದಲ್ಲಿ ಅಳೆಯುತ್ತಾರೆ. ಮಿಲಿಲೀಟರಿಗೆ 4 ನ್ಯಾನೋಗ್ರಾಂ ಎಂಬುದು ರೂಢಿಯ ಗಡಿ, ಆದರೆ ಸೋಂಕು, ಮೂತ್ರ ಕಟ್ಟುವುದು, ಕ್ಯಾತಿಟರ್ ಹಾಕುವುದು ಎಲ್ಲವೂ ಅದನ್ನು ಏರಿಸುತ್ತವೆ. ಹಾಗಾದ ಮೇಲೆ ಸುಮಾರು 6 ವಾರ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಫಿನಾಸ್ಟೆರೈಡ್ ನುಂಗುವವರಲ್ಲಿ ಪಿ.ಎಸ್.ಎ. ಅರ್ಧಕ್ಕೆ ಇಳಿಯುತ್ತದೆಯಾದ್ದರಿಂದ ಅವರ ವರದಿಯ 3 ಎಂಬುದನ್ನು 6 ಎಂದೇ ಓದಬೇಕು. ಸಂಶಯ ಉಳಿದರೆ ಬೆರಳಿನ ಪರೀಕ್ಷೆ ಮತ್ತು ಎಂ.ಆರ್.ಐ. ಆದ ಬಳಿಕ ಗ್ರಂಥಿಯ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ.

ಕ್ರಿಯಾಟಿನಿನ್ 1.6 ಬಂದಿದೆ. ಡಯಾಲಿಸಿಸ್ ಬೇಕಾಗುತ್ತದೆಯೇ?

ಇದೊಂದೇ ಅಂಕಿಯಿಂದ ಏನನ್ನೂ ಹೇಳಲಾಗದು. ಕ್ರಿಯಾಟಿನಿನ್ ಸ್ನಾಯುವಿನಿಂದ ಬರುವುದರಿಂದ ಕಟ್ಟುಮಸ್ತಾದ ಯುವಕನ 1.3 ಸಹಜವಿರಬಹುದು, ಬಡಕಲು ಅಜ್ಜಿಯ 1.3 ಕಾಯಿಲೆಯಿರಬಹುದು. ವಯಸ್ಸು, ಲಿಂಗ ಸೇರಿಸಿ ಲೆಕ್ಕಹಾಕಿದ ಸೋಸುವ ವೇಗ, ಅಂದರೆ ಇ.ಜಿ.ಎಫ್.ಆರ್., 60ಕ್ಕಿಂತ ಕೆಳಗೆ 3 ತಿಂಗಳಿಗೂ ಹೆಚ್ಚು ಕಾಲ ಉಳಿದರೆ ಅದು ದೀರ್ಘಕಾಲದ ಮೂತ್ರಪಿಂಡ ಕಾಯಿಲೆ. ಇದಕ್ಕಿಂತ ಮೊದಲೇ ಎಚ್ಚರಿಸುವುದು ಮೂತ್ರದಲ್ಲಿ ಹೋಗುವ ಅಲ್ಬುಮಿನ್ ಎಂಬ ಪ್ರೋಟೀನಿನ ಪರೀಕ್ಷೆ. ಸಕ್ಕರೆ ಕಾಯಿಲೆ ಮತ್ತು ಬಿ.ಪಿ. ಇರುವವರು ವರ್ಷಕ್ಕೊಮ್ಮೆ ಎರಡನ್ನೂ ಮಾಡಿಸಬೇಕು. ಸಕ್ಕರೆ ಪರೀಕ್ಷೆಯನ್ನು ತಿಂಗಳಿಗೊಮ್ಮೆ ಮಾಡಿಸಿಕೊಳ್ಳುವವರೂ ಇದನ್ನು ಬಿಟ್ಟುಬಿಡುತ್ತಾರೆ.

ಕಾಯಿಲೆ ನಿಧಾನವಾಗಿ ಸಾಗುವಂತೆ ಮಾಡುವ ಔಷಧಿಗಳು ಈಗಿವೆ: ಟೆಲ್ಮಿಸಾರ್ಟಾನ್ ಗುಂಪಿನ ಬಿ.ಪಿ. ಮಾತ್ರೆಗಳು, ಡಾಪಾಗ್ಲಿಫ್ಲೋಜಿನ್ ಗುಂಪಿನವು. ಮಂಡಿನೋವಿಗೆ ತಿಂಗಳುಗಟ್ಟಲೆ ಡೈಕ್ಲೋಫೆನಾಕ್ ನುಂಗುವುದನ್ನೂ, ಭಾರಲೋಹ ಬೆರೆತಿರಬಹುದಾದ, ಏನಿದೆಯೆಂದು ಬರೆಯದ ಪುಡಿ-ಭಸ್ಮಗಳನ್ನೂ ನಿಲ್ಲಿಸಬೇಕು. ರಕ್ತದಲ್ಲಿ ಪೊಟ್ಯಾಸಿಯಂ ಏರಿದ್ದವರಿಗೆ ಎಳನೀರು ಅಪಾಯಕಾರಿ, ಇದನ್ನು ಹೇಳಿದರೆ ನಂಬದವರೇ ಹೆಚ್ಚು.

ಡಯಾಲಿಸಿಸ್‌ನ ಪ್ರಶ್ನೆ ಬರುವುದು ಸಾಮಾನ್ಯವಾಗಿ ಸೋಸುವ ವೇಗ 10ರ ಆಸುಪಾಸಿಗೆ ಇಳಿದು ವಾಂತಿ, ಉಸಿರಾಟದ ತೊಂದರೆ ಕಾಣಿಸಿದಾಗ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಡಿ ಬಡ ಕುಟುಂಬಗಳಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಇದು ಉಚಿತ. ಕಸಿಗೆ ಮನೆಯವರಲ್ಲಿ ದಾನಿ ಸಿಗದಿದ್ದರೆ ಕರ್ನಾಟಕದಲ್ಲಿ ಮೃತದಾನಿಗಳ ಅಂಗ ಹಂಚಿಕೆಯನ್ನು ನೋಡಿಕೊಳ್ಳುವ ಜೀವಸಾರ್ಥಕತೆ ಸಂಸ್ಥೆಯ ಪಟ್ಟಿಯಲ್ಲಿ ಆಸ್ಪತ್ರೆಯ ಮೂಲಕ ಹೆಸರು ಸೇರಿಸಬೇಕು.

ಹದಿಹರೆಯದ ಮಗನಿಗೆ ರಾತ್ರಿ ವೃಷಣದಲ್ಲಿ ನೋವು ಬಂದಿದೆ. ಬೆಳಿಗ್ಗೆ ಹೋದರೆ ಆಗದೇ?

ಆಗದು. ವೃಷಣ ತನ್ನ ರಕ್ತನಾಳದ ಸುತ್ತ ತಿರುಚಿಕೊಂಡಿದ್ದರೆ ಅದನ್ನು ಉಳಿಸಲು ಇರುವುದು ಸುಮಾರು 6 ಗಂಟೆ. ಹುಡುಗರು ನಾಚಿಕೆಯಿಂದ 'ಹೊಟ್ಟೆನೋವು' ಎಂದಷ್ಟೇ ಹೇಳಿ, ವಾಂತಿಯನ್ನೂ ಮಾಡಿಕೊಂಡಾಗ ಮನೆಯವರು ಅಜೀರ್ಣವೆಂದು ಓಮದ ನೀರು ಕೊಟ್ಟು ಮಲಗಿಸುತ್ತಾರೆ. ಹೊಟ್ಟೆನೋವೆನ್ನುವ ಹುಡುಗನನ್ನು 'ಕೆಳಗೆಲ್ಲಾದರೂ ನೋವಿದೆಯೇನಪ್ಪಾ' ಎಂದು ಬಿಡಿಸಿ ಕೇಳಬೇಕು, ವೈದ್ಯರು ಚಡ್ಡಿ ಇಳಿಸಿ ನೋಡಬೇಕು. ಸಂಶಯ ಬಲವಾಗಿದ್ದರೆ ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್‌ಗೂ ಕಾಯದೆ ಆಪರೇಷನ್ ಮಾಡಿ, ತಿರುಚನ್ನು ಬಿಡಿಸಿ, ಎರಡೂ ವೃಷಣಗಳನ್ನು ಹೊಲಿದು ಭದ್ರಪಡಿಸುತ್ತಾರೆ.

ವೃಷಣ ಊದಿಕೊಂಡಿದೆ, ನೋವಿಲ್ಲ.

ಹೆಚ್ಚಾಗಿ ಅದು ಹೈಡ್ರೋಸೀಲ್, ಎಂದರೆ ವೃಷಣದ ಸುತ್ತ ತುಂಬಿದ ನೀರು. ಕತ್ತಲಲ್ಲಿ ಟಾರ್ಚ್ ಹಿಡಿದರೆ ಬೆಳಕು ಆಚೆ ಹಾಯುತ್ತದೆ. ಆನೆಕಾಲು ರೋಗದ ಹರಡುವಿಕೆ ಕಂಡಿರುವ ಕರಾವಳಿ ಮತ್ತು ಕಲಬುರಗಿ, ಬೀದರ್ ಭಾಗಗಳಲ್ಲಿ ಆ ರೋಗವನ್ನು ತರುವ ಫೈಲೇರಿಯಾ ಹುಳು ಇದಕ್ಕೆ ಒಂದು ಕಾರಣ. ಸೂಜಿಯಿಂದ ನೀರು ತೆಗೆಸಿದರೆ ಮತ್ತೆ ತುಂಬುತ್ತದೆ, ಸಣ್ಣ ಆಪರೇಷನ್ ಶಾಶ್ವತ ಪರಿಹಾರ. ಆದರೆ ವೃಷಣದಲ್ಲೇ ಗಟ್ಟಿಯಾದ, ನೋವಿಲ್ಲದ ಗಂಟು ಸಿಕ್ಕರೆ ತಡಮಾಡದೆ ಸ್ಕ್ಯಾನ್ ಮಾಡಿಸಬೇಕು. ವೃಷಣದ ಕ್ಯಾನ್ಸರ್ ಹೆಚ್ಚಾಗಿ ಯುವಕರಿಗೆ ಬರುತ್ತದೆ, ಬೇಗ ಸಿಕ್ಕರೆ ಬಹುತೇಕ ಗುಣವಾಗುತ್ತದೆ. ಹುಟ್ಟಿದಾಗ ಚೀಲಕ್ಕೆ ಇಳಿಯದ ವೃಷಣ 6 ತಿಂಗಳ ನಂತರವೂ ಮೇಲೆಯೇ ಇದ್ದರೆ ಮಗುವಿಗೆ ಒಂದೂವರೆ ವರ್ಷವಾಗುವುದರೊಳಗೆ ಅದನ್ನು ಶಸ್ತ್ರಚಿಕಿತ್ಸೆಯಿಂದ ಇಳಿಸಬೇಕು.

ಮಗುವಿನ ಮುಂದೊಗಲು ಹಿಂದೆ ಸರಿಯುವುದಿಲ್ಲ.

ಚಿಕ್ಕ ಮಕ್ಕಳಲ್ಲಿ ಅದು ಸಹಜ, ಸ್ನಾನ ಮಾಡಿಸುವಾಗ ಬಲವಂತವಾಗಿ ಎಳೆಯಬಾರದು. ಮೂತ್ರ ಮಾಡುವಾಗ ಕಷ್ಟವಾಗುತ್ತಿದ್ದರೆ ಅಥವಾ ಪದೇ ಪದೇ ಸೋಂಕಾದರೆ ಮೊದಲು ಸ್ಟೆರಾಯ್ಡ್ ಮುಲಾಮು, ಆಮೇಲೆ ಸುನ್ನತಿ. ದೊಡ್ಡವರಲ್ಲಿ ಹೊಸದಾಗಿ ಬಿಗಿಯಾಗಿ, ಬಿರುಕು ಬಿಟ್ಟು, ತುರಿಕೆ ಬಂದರೆ ಮೊದಲು ಸಕ್ಕರೆ ಪರೀಕ್ಷಿಸಿ.

ನಿಮಿರು ದೌರ್ಬಲ್ಯ ಮತ್ತು 'ಧಾತು ಹೋಗುವುದು' — ಇವಕ್ಕೆ ಚಿಕಿತ್ಸೆ ಇದೆಯೇ?

ಸ್ವಪ್ನಸ್ಖಲನದಿಂದಾಗಲಿ ಹಸ್ತಮೈಥುನದಿಂದಾಗಲಿ ಶಕ್ತಿ ಸೋರುವುದಿಲ್ಲ. ಬಸ್ ನಿಲ್ದಾಣದ ಗೋಡೆಗಳ ಮೇಲಿನ 'ಗುಪ್ತರೋಗ' ಜಾಹೀರಾತುಗಳು ಬದುಕುವುದು ಈ ಭಯದ ಮೇಲೆಯೇ. ಆ ಭಯದಿಂದ ಬರುವ ನಿಶ್ಶಕ್ತಿ, ಖಿನ್ನತೆ ಮಾತ್ರ ನಿಜವಾದವು, ಅವಕ್ಕೆ ಆಪ್ತಸಲಹೆ ಬೇಕು. ನಿಮಿರು ದೌರ್ಬಲ್ಯ ಬೇರೆ ವಿಷಯ: ಶಿಶ್ನದ ರಕ್ತನಾಳಗಳು ಹೃದಯದ ನಾಳಗಳಿಗಿಂತ ಕಿರಿದಾದ್ದರಿಂದ ಕೊಬ್ಬು ಕಟ್ಟುವ ಕಾಯಿಲೆ ಅಲ್ಲೇ ಮೊದಲು ಕಾಣಿಸಬಹುದು. ಆದ್ದರಿಂದ ಸಕ್ಕರೆ, ಬಿ.ಪಿ., ಕೊಲೆಸ್ಟ್ರಾಲ್ ಪರೀಕ್ಷೆ ಮೊದಲು, ಮಾತ್ರೆ ನಂತರ. ಸಿಲ್ಡೆನಾಫಿಲ್ ಒಳ್ಳೆಯ ಔಷಧಿಯೇ, ಆದರೆ ಎದೆನೋವಿಗೆ ನಾಲಿಗೆಯಡಿ ಇಡುವ ನೈಟ್ರೇಟ್ ಮಾತ್ರೆಯ ಜೊತೆ ಸೇರಿದರೆ ಬಿ.ಪಿ. ಕುಸಿದು ಪ್ರಾಣಾಪಾಯವಾಗಬಹುದು.

ಮಕ್ಕಳಾಗದಿದ್ದರೆ ಗಂಡಸಿಗೆ ಯಾವ ಪರೀಕ್ಷೆ?

ಒಂದು ವರ್ಷ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ ಗಂಡ-ಹೆಂಡತಿ ಇಬ್ಬರೂ ಒಟ್ಟಿಗೆ ಪರೀಕ್ಷೆಗೆ ಹೋಗಬೇಕು. ಹೆಂಡತಿಗೆ ಹತ್ತಾರು ಪರೀಕ್ಷೆ, ಹರಕೆ, ಆಪರೇಷನ್ ಎಲ್ಲ ಮುಗಿದ ಮೇಲೆ ಗಂಡನ ವೀರ್ಯಪರೀಕ್ಷೆ ಮಾಡಿಸುವುದು ಅನ್ಯಾಯವಷ್ಟೇ ಅಲ್ಲ, ಖರ್ಚಿನ ಲೆಕ್ಕದಲ್ಲೂ ಮೂರ್ಖತನ. 2ರಿಂದ 7 ದಿನ ಸಂಯಮದ ನಂತರ ಮಾದರಿ ಕೊಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಂತೆ ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು ಎಂಬುದು ಕೆಳಗಿನ ಗಡಿ, ಕಡಿಮೆ ಬಂದರೆ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಬೇಕು. ಹೆಚ್ಚಾಗಿ ಎಡಗಡೆ ಕಾಣುವ ವೇರಿಕೋಸೀಲ್, ಅಂದರೆ ವೃಷಣದ ಮೇಲಿನ ಉಬ್ಬಿದ ರಕ್ತನಾಳಗಳನ್ನು, ಸರಿಪಡಿಸುವುದರಿಂದ ಕೆಲವರಿಗೆ ಲಾಭವಿದೆ. ಜಿಮ್‌ನಲ್ಲಿ ಮೈಕಟ್ಟಿಗಾಗಿ ಟೆಸ್ಟೋಸ್ಟೆರೋನ್ ಚುಚ್ಚಿಸಿಕೊಳ್ಳುವವರಲ್ಲಿ ವೀರ್ಯಾಣು ಉತ್ಪತ್ತಿಯೇ ನಿಂತುಹೋಗಬಹುದು, ಇದನ್ನು ವೈದ್ಯರ ಮುಂದೆ ಮುಚ್ಚಿಡಬಾರದು. ಹೊಸ ವೀರ್ಯಾಣು ಬೆಳೆದು ಹೊರಬರಲು ಸುಮಾರು 3 ತಿಂಗಳು ಹಿಡಿಯುವುದರಿಂದ ಯಾವ ಚಿಕಿತ್ಸೆಯ ಫಲವನ್ನೂ ಅದಕ್ಕೆ ಮುಂಚೆ ಅಳೆಯಲಾಗದು.

ಗಂಡಸರ ಸಂತಾನಹರಣ ಶಸ್ತ್ರಚಿಕಿತ್ಸೆಯಿಂದ ಪುರುಷತ್ವ ಕುಂದುತ್ತದೆಯೇ?

ಇಲ್ಲ. ಹಾರ್ಮೋನು, ನಿಮಿರುವಿಕೆ, ದುಡಿಯುವ ಶಕ್ತಿ ಯಾವುದೂ ಬದಲಾಗುವುದಿಲ್ಲ. ಆದರೆ ನಾಳದಲ್ಲಿ ಉಳಿದ ವೀರ್ಯಾಣುಗಳು ಖಾಲಿಯಾಗಬೇಕಾದ್ದರಿಂದ 3 ತಿಂಗಳು ಬೇರೆ ವಿಧಾನ ಬಳಸಿ, ವೀರ್ಯಪರೀಕ್ಷೆಯಲ್ಲಿ ವೀರ್ಯಾಣು ಇಲ್ಲವೆಂದು ಖಚಿತವಾದ ಮೇಲೆಯೇ ಅದನ್ನು ನಿಲ್ಲಿಸಬೇಕು.